ಹಸಿರು ಚೌಕುಳಿಯ ಟೀಚರ್

ಟೀಚರ್ ಮಂಗಳೂರಿನಲ್ಲಿ ತೀರಿಕೊಂಡರೆಂಬ ಸುದ್ದಿ ನಮ್ಮ ಶಾಲೆಯ ಹಳೆಯ ಪಾಲಕರ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಏಳನೆಯವರ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೈಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ಆಮೇಲೆ ಯಾರೋ ಒಂದು ಫೋಟೋ ಹಾಕಿದರು. ಮಸ್ಕತ್ತಿನ ಹೋಟೆಲಿನ ಎಸಿ ಹಾಲ್, ಟೀಚರ ಹೆಗಲ ಮೇಲೆ ಜರಿ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ, ಎರಡೂ ಬದಿಗೆ ಕಮಿಟಿಯವರು. 'ನಮ್ಮ ನಗುಮೊಗದ ಟೀಚರ್' ಎಂದು ಒಬ್ಬರು ಬರೆದರು, ಉಳಿದವರೆಲ್ಲ ಹೌದು ಹೌದು ಎಂದರು. ಆ ಫೋಟೋದಲ್ಲಿ ನಗದೆ ಕೂತವರು ಟೀಚರ್ ಒಬ್ಬರೇ.

ಎಲ್ಲರಿಗಿಂತ ಉದ್ದ ಬರೆದವರು ಶಾಲೆಯ ಕಮಿಟಿಯ ಮಾಜಿ ಅಧ್ಯಕ್ಷರು. ಶಾಲೆಯೇ ಆಕೆಯ ಉಸಿರಾಗಿತ್ತಂತೆ, ಆ ದಿನಗಳು ಚಿನ್ನದಂಥವಂತೆ, ಅಂಥ ಗುರುಗಳು ಈಗ ಸಿಗುವುದಿಲ್ಲವಂತೆ. ಕೊನೆಗೆ ಒಂದು ಬೇಡಿಕೆ: 'ಯಾರ ಹತ್ರವಾದ್ರೂ ನಮ್ಮ ಹಳೆ ಯೂನಿಫಾರ್ಮಿನ ಫೋಟೋ ಉಂಟಾ? ತುಂಬಾ ನೆನಪಾಗ್ತಾ ಉಂಟು.' ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಸತ್ತವರ ಬಗ್ಗೆ ಬರೆಯುವಾಗ ಮನಸ್ಸು ಶಾಂತವಾಗಿರಬೇಕೆನ್ನುತ್ತಾರೆ. ನನ್ನದು ಶಾಂತವಾಗಿಲ್ಲ.

ಒಮಾನಿನಲ್ಲಿ ಮಸ್ಕತ್ತಿನಿಂದ ಹೊರಟು ಸುವೈಕ್ ದಾಟಿ ಇನ್ನಷ್ಟು ಮುಂದೆ ಹೋದರೆ ಸಮುದ್ರದ ಬದಿಗೆ ನಮ್ಮ ಊರು. ಒಂದು ಕಾಲಕ್ಕೆ ಅಲ್ಲಿ ದೊಡ್ಡ ಬಟ್ಟೆ ಮಿಲ್ಲಿತ್ತು. ನೂಲು ತಂದು ನೇಯ್ದು, ಹೊಲಿದು, ಹೊರದೇಶಕ್ಕೆ ಕಳಿಸುತ್ತಿದ್ದರು. ಲೆಕ್ಕಪತ್ರ, ಸ್ಟೋರು, ಸೂಪರ್‌ವೈಸರು ಎಂದು ಅಲ್ಲಿಗೆ ಬಂದವರಲ್ಲಿ ಮಂಗಳೂರು ಉಡುಪಿ ಕಡೆಯವರೇ ಹೆಚ್ಚು. ಹೆಂಡತಿ ಮಕ್ಕಳು ಬಂದ ಮೇಲೆ ಶಾಲೆ ಬೇಕಾಯಿತು. ಲಾಭಕ್ಕೆ ನಡೆಸುವ ಶಾಲೆಯಲ್ಲ ಅದು. ಪಾಲಕರೇ ಆರಿಸಿದ ಕಮಿಟಿ, ಅದರ ಮೇಲೆ ಮಸ್ಕತ್ತಿನಲ್ಲೊಂದು ಬೋರ್ಡು. ಕಟ್ಟಡಕ್ಕೆ ಜಾಗ ಕೊಟ್ಟದ್ದು ಮಿಲ್ಲು, ಬಸ್ಸು ಕೊಟ್ಟದ್ದು ಮಿಲ್ಲು, ಯೂನಿಫಾರ್ಮಿನ ಬಟ್ಟೆಯನ್ನೂ ಮಿಲ್ಲೇ ನೇಯ್ದು ಕೊಡುತ್ತಿತ್ತು: ಕಡು ಹಸಿರು ಚೌಕುಳಿ, ನಡುವೆ ತೆಳ್ಳಗೆ ಹಳದಿ ಗೆರೆ. ಮಸ್ಕತ್ತಿನ ರೂವಿ ಪೇಟೆಯ ಯಾವ ಅಂಗಡಿಯಲ್ಲೂ ಆ ಬಟ್ಟೆ ಸಿಗುತ್ತಿರಲಿಲ್ಲ.

ಟೀಚರ್ ಅಲ್ಲಿಗೆ ಬಂದದ್ದು ಮಿಲ್ಲಿನ ಅಕೌಂಟೆಂಟರ ಹೆಂಡತಿಯಾಗಿ. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಸಮಾಜ ವಿಜ್ಞಾನ ಕಲಿಸುತ್ತಿದ್ದರು, ಆಮೇಲೆ ಉಪಪ್ರಾಂಶುಪಾಲೆಯಾದರು. ಪ್ರಾಂಶುಪಾಲರು ಬರುತ್ತಿದ್ದರು, ಹೋಗುತ್ತಿದ್ದರು, ಶಾಲೆ ನಡೆಸುತ್ತಿದ್ದವರು ಇವರು. ಮಕ್ಕಳಿಗೆ ಮ್ಯಾಮ್, ಊರಿಗೆಲ್ಲ ಟೀಚರ್. ಕುಳ್ಳಗಿನ ದೇಹ, ಗಟ್ಟಿ ಗಂಟಲು, ಬೆಳಿಗ್ಗೆ ಗೇಟಿನಲ್ಲಿ ನಿಂತು ಒಂದೊಂದು ಮಗುವಿನ ಕಾಲರನ್ನೂ ಮಡಚಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಮೇಜಿನ ಮೇಲೆ ಹಳೇ ಬಿಸ್ಕತ್ತಿನ ಡಬ್ಬ ಇರುತ್ತಿತ್ತು. ಬಿಸ್ಕತ್ತಿನಾಸೆಗೆ ಅದನ್ನು ತೆಗೆದವನಿಗೆ ಸಿಗುತ್ತಿದ್ದದ್ದು ಸೂಜಿ, ಹಸಿರು ನೂಲಿನ ಉಂಡೆ, ಗುಂಡಿಗಳು.

ಆಕೆ ದೇವತೆಯೇನಲ್ಲ. ಈಗ ಗುಂಪಿನಲ್ಲಿ ದೇವತೆ ಮಾಡಿಬಿಟ್ಟಿದ್ದಾರೆ, ಅದಕ್ಕೇ ಹೇಳುತ್ತೇನೆ. ಬಾಯಿ ಬಹಳ ಕೆಟ್ಟದು. ಚಿಕ್ಕ ತರಗತಿಗಳ ಟೀಚರುಗಳನ್ನು ಮಕ್ಕಳೆದುರೇ ಗದರುತ್ತಿದ್ದರು. ಜಾಣ ಮಕ್ಕಳೆಂದರೆ ಪಕ್ಷಪಾತ. ನಾನೊಮ್ಮೆ ಮಸ್ಕತ್ತಿನ ಸಿರಿವಂತರ ಬಡಾವಣೆ ಮದೀನತ್ ಸುಲ್ತಾನ್ ಖಾಬೂಸ್ ಕಡೆಯ ಒಂದು ಶಾಲೆಗೆ ಸಂದರ್ಶನಕ್ಕೆ ಹೋಗಿ ಬಂದೆನೆಂದು ಹೇಗೋ ತಿಳಿದು, ತಿಂಗಳುಗಟ್ಟಲೆ ನನ್ನ ಜತೆ ಮಾತು ಬಿಟ್ಟರು. ಚಾ ಕುಡಿದ ಮೇಲೆ ಎಲ್ಲರ ಕಪ್ಪು ತೊಳೆದು ನನ್ನದನ್ನು ಮಾತ್ರ ಬಿಟ್ಟು ಹೋಗುತ್ತಿದ್ದರು. ಕೊನೆಗೆ ನಾನೇ ಸೋತು, "ಅಲ್ಲಿ ನನ್ನನ್ನು ತೆಗೆದುಕೊಳ್ಳಲಿಲ್ಲ ಟೀಚರ್" ಎಂದೆ.

"ನಂಗೆ ಗೊತ್ತಿತ್ತು ಮಾಷ್ಟ್ರೇ. ಅವರಿಗೆ ಟೈ ಕಟ್ಲಿಕ್ಕೆ ಬರುವವರು ಬೇಕು" ಎಂದು ನನ್ನ ಕಪ್ಪನ್ನು ತೆಗೆದುಕೊಂಡು ಹೋಗಿ ತೊಳೆದರು.

ಮಿಲ್ಲು ಮುಚ್ಚಿತು. ಹೊರದೇಶದವರು ಕೊಳ್ಳುವುದು ನಿಲ್ಲಿಸಿದರು ಎಂದರು, ಮಾಲೀಕರೇ ಜಗಳವಾಡಿಕೊಂಡರು ಎಂದರು. ನಮಗೆ ತಿಳಿದದ್ದು ಇಷ್ಟೇ: ಒಂದು ದಿನ ಸೈರನ್ನು ಕೂಗಲಿಲ್ಲ. ಹೋಗುವ ಮುಂಚೆ ಮ್ಯಾನೇಜರು ಉಳಿದ ಚೌಕುಳಿ ಬಟ್ಟೆಯ ಥಾನುಗಳನ್ನು ಶಾಲೆಗೆ ಕಳಿಸಿದರು. ಅದು ಕೆಲವು ವರ್ಷ ಬಂತು. ಆಮೇಲೆ ಖಲಾಸ್.

ಗಲ್ಫಿನಲ್ಲಿ ಒಂದು ಸಂಸಾರ ಊರಿಗೆ ಹೊರಟಿತೆಂದರೆ ಸೆಂಡಾಫ್ ಪಾರ್ಟಿ ಇದ್ದೇ ಇರುತ್ತದೆ. ಕೋರಿರೊಟ್ಟಿ, ಬಿರಿಯಾನಿ, ಎರಡು ಹಾಡು, ಒಂದಿಷ್ಟು ಅಳು. ಅಳುತ್ತಲೇ ಹೆಂಗಸರು ಅಡುಗೆಮನೆಯಲ್ಲಿ ಮಾತು ಮುಗಿಸಿರುತ್ತಾರೆ, ಫ್ರಿಡ್ಜು ಯಾರಿಗೆ, ವಾಷಿಂಗ್ ಮಷೀನ್ ಯಾರಿಗೆ, ಪರದೆ ಯಾರಿಗೆ ಎಂದು. ಟೀಚರ್ ಪ್ರತಿಯೊಂದು ಪಾರ್ಟಿಗೂ ಹೋಗುತ್ತಿದ್ದರು, ಹೊಟ್ಟೆ ತುಂಬ ಊಟ ಮಾಡುತ್ತಿದ್ದರು, ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದರು. ಹೊರಡುವಾಗ ಮನೆಯೊಡತಿಯ ಕೈ ಹಿಡಿದು ಕೇಳುತ್ತಿದ್ದದ್ದು ಒಂದೇ: "ಯೂನಿಫಾರ್ಮ್ ಎಲ್ಲಿಟ್ಟಿದ್ದಿ ಮಗಾ?"

ಹಾಗೆ ಅದೊಂದು ಪದ್ಧತಿಯೇ ಆಗಿಹೋಯಿತು. ಶಾಲೆ ಬಿಡುವ ಮಗುವಿನ ಯೂನಿಫಾರ್ಮನ್ನು ಒಗೆದು, ಇಸ್ತ್ರಿ ಮಾಡಿಸಿ, ಟೀಚರ ಕೈಗೆ ಮುಟ್ಟಿಸಬೇಕು. ಹೊಸಬರು ಬಂದರೆ ಹಳಬರು ಮೊದಲ ವಾರದಲ್ಲೇ ಹೇಳಿಕೊಡುತ್ತಿದ್ದರು. ಟೀಚರ್ ಆ ಬಟ್ಟೆಯನ್ನು ಬಿಚ್ಚಿ, ಚಿಕ್ಕದು ಮಾಡಿ, ಉದ್ದ ಮಾಡಿ, ಕಂಕುಳಿಗೆ ತುಂಡು ಕೊಟ್ಟು ಇನ್ನೊಂದು ಮಗುವಿಗೆ ಹಾಕುತ್ತಿದ್ದರು. ಹುಡುಗಿಯರ ಪಿನಾಫೋರಿನ ಕೆಳಗೆ ಹಳೆ ಮಡಿಕೆ ಬಿಚ್ಚಿದ ಗೆರೆಗಳು ಒಂದರ ಮೇಲೊಂದು ಕಾಣುತ್ತಿದ್ದವು.

ಬಟ್ಟೆ ಬದಲಾಯಿಸಿ ಎಂದು ನಾನೇ ಹೇಳಿದ್ದುಂಟು. ನೀಲಿ ಪ್ಯಾಂಟು ಬಿಳಿ ಅಂಗಿ ಎಲ್ಲಿ ಬೇಕಾದರೂ ಸಿಗುತ್ತದೆ.

"ಸಿಗ್ತದೆ. ಆದ್ರೆ ಆಗ ಯಾರದ್ದು ಯಾವ ಅಂಗಡಿಯ ಬಟ್ಟೆ ಅಂತ ಗೊತ್ತಾಗ್ತದೆ" ಎಂದರು. "ಇದ್ರಲ್ಲಿ ಮ್ಯಾನೇಜರ ಮಗ ಯಾರು, ಕ್ಯಾಂಟೀನಿನವನ ಮಗ ಯಾರು ಅಂತ ನಂಗೇ ಗೊತ್ತಾಗ್ತಿರಲಿಲ್ಲ ಮಾಷ್ಟ್ರೇ. ಅಷ್ಟು ಒಳ್ಳೇದು ಈ ಊರಲ್ಲಿ ಬೇರೆ ಎಂತ ಉಂಟು?"

ಮಿಲ್ಲು ಹೋದ ಮೇಲೆ ಅವರ ಗಂಡನಿಗೆ ದೂರದ ಬಂದರು ಊರು ದುಕ್ಮ್‌ನಲ್ಲಿ ಕೆಲಸ ಸಿಕ್ಕಿತು, ಕ್ಯಾಂಪಿನಲ್ಲಿ ವಾಸ. ಅಲ್ಲಿಂದ ಕಂಪೆನಿ ಬಸ್ಸು ಹಿಡಿದು ಮಸ್ಕತ್ತಿಗೆ, ಮತ್ತೆ ಯಾರದೋ ಕಾರು ಹಿಡಿದು ನಮ್ಮೂರಿಗೆ. ಬಂದ ದಿನ ಪೂರ್ತಿ ನಿದ್ದೆ ಮಾಡಿ ಮರುದಿನ ಹೋಗುತ್ತಿದ್ದರು. ಸಾಧು ಮನುಷ್ಯ. ಸಕ್ಕರೆ ಕಾಯಿಲೆ ಹತ್ತಿ ಕೆಲಸ ಬಿಟ್ಟು ಮಂಗಳೂರಿಗೆ ಹೊರಟಾಗ ಹೆಂಡತಿಯನ್ನೂ ಕರೆದರು. ಈಕೆ ಹೋಗಲಿಲ್ಲ. "ನಂಗೊಂದು ಪಿನಾಫೋರ್ ಹೊಲಿಸಿ ಕೊಡಿ ಮಾರಾಯ್ರೆ, ಆಗ ಇವ್ಳು ನನ್ನ ಕಡೆ ನೋಡ್ಬಹುದು" ಎಂದು ಅವರು ನನ್ನೆದುರು ನಕ್ಕರು. ನಗುವಾಗ ಕಣ್ಣು ತುಂಬಿತ್ತು. ಟೀಚರ್ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿದರು.

ಆಕೆ ಹೋಗದಿದ್ದದ್ದಕ್ಕೆ ಕಾರಣವಿತ್ತು. ಮಿಲ್ಲು ಹೋದ ಮೇಲೆ ಊರಲ್ಲಿ ಉಳಿದವರು ಎರಡು ಥರ. ಒಂದು, ಅಂಗಡಿ ಹಾಕಿ ಕೈ ಮೇಲಾದವರು. ನಮ್ಮ ಅಧ್ಯಕ್ಷರು ಮಿಲ್ಲಿನ ಸ್ಟೋರ್‌ಕೀಪರ್ ಆಗಿದ್ದವರು, ಕಟ್ಟಡ ಸಾಮಾನಿನ ಅಂಗಡಿ ಇಟ್ಟು ಈಗ ಎರಡು ಕಾರಿನವರು. ಇನ್ನೊಂದು, ಹೇಗೋ ವೀಸಾ ಕೊಟ್ಟ ಕಫೀಲನನ್ನು ಕಾಡಿ ಬೇಡಿ ಸಂಸಾರ ಕರೆಸಿಕೊಂಡ ಲಾಂಡ್ರಿಯವರು, ಕೆಫೆಟೇರಿಯಾದವರು. ಮಸ್ಕತ್ತಿನ ಶಾಲೆಗೆ ಮಕ್ಕಳನ್ನು ದಿನಾ ಕಳಿಸುವ ತಾಕತ್ತು ಮೊದಲಿನವರಿಗಿತ್ತು, ಎರಡನೆಯವರಿಗೆ ಇರಲಿಲ್ಲ. ಮಕ್ಕಳು ಕಡಿಮೆಯಾದಂತೆ ಹನ್ನೊಂದು ಹನ್ನೆರಡನೇ ತರಗತಿಗಳು ಹೋದವು. ಹತ್ತನೆಯದೂ ಹೋದರೆ ಬೋರ್ಡ್ ಪರೀಕ್ಷೆಗೆ ಕೂರುವ ದಾರಿಯೇ ಊರಲ್ಲಿಲ್ಲ.

"ಗಂಡು ಮಕ್ಕಳು ಹೇಗಾದ್ರೂ ಎಲ್ಲಾದ್ರೂ ಓದ್ತಾರೆ. ಲಾಂಡ್ರಿಯವನ ಮಗಳು?" ಎಂದು ಟೀಚರ್ ಕೇಳುತ್ತಿದ್ದರು. ಉಳ್ಳಾಲದ ಬ್ಯಾರಿ ಅವನು. ದಿನವಿಡೀ ಅರಬ್ಬರ ಬಿಳಿ ನಿಲುವಂಗಿಗಳಾದ ದಿಶ್‌ದಾಶಗಳಿಗೆ ಇಸ್ತ್ರಿ ಹಾಕಿ ಹಾಕಿ ಬಲಗೈ ಭುಜ ಒಂದು ಬದಿಗೆ ಇಳಿದಿತ್ತು. ಅವನ ಮಗಳು ಒಂಬತ್ತನೆಯಲ್ಲಿದ್ದಳು, ನನ್ನ ಗಣಿತದ ತರಗತಿಯಲ್ಲಿ ಮೊದಲ ಬೆಂಚು. ಟೀಚರ್ ಅವಳಿಗೆ ಪಕ್ಷಪಾತ ಮಾಡುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಅವಳು ಉದ್ದ ಹುಡುಗಿ, ಬಂದ ಯೂನಿಫಾರ್ಮುಗಳೆಲ್ಲ ಗಿಡ್ಡ. ಬೇರೆ ಬೇರೆ ಪಿನಾಫೋರುಗಳ ತುಂಡು ಸೇರಿಸಿ ಟೀಚರ್ ಅವಳಿಗೆ ಒಂದು ಹೊಲಿದಿದ್ದರು. ಸೊಂಟದ ಬಳಿ ಚೌಕುಳಿ ಒಂದಕ್ಕೊಂದು ಕೂಡುತ್ತಿರಲಿಲ್ಲ. ಹುಡುಗಿ ಅಲ್ಲಿ ಪುಸ್ತಕ ಹಿಡಿದುಕೊಂಡೇ ನಡೆಯುತ್ತಿದ್ದಳು.

ಆ ವರ್ಷ ಮಸ್ಕತ್ತಿನ ಬೋರ್ಡಿನವರು ಖಡಾಖಂಡಿತವಾಗಿ ಹೇಳಿದರು. ಒಂಬತ್ತನೆಯಲ್ಲಿರುವ ಮಕ್ಕಳೆಲ್ಲ ಇಲ್ಲೇ ಮುಂದುವರಿದರೆ ಹತ್ತನೆಯದು ಉಳಿಯುತ್ತದೆ, ಮೂರು ನಾಲ್ಕು ಮಂದಿ ಬಿಟ್ಟರೂ ಮುಚ್ಚಬೇಕು. ಟೀಚರ್ ಮನೆ ಮನೆ ತಿರುಗಿದರು. ಎಲ್ಲ ಮನೆಯಲ್ಲೂ ಚಾ, ಎಲ್ಲ ಮನೆಯಲ್ಲೂ ಚಕ್ಕುಲಿ. ಎಲ್ಲರೂ, "ಎಂತ ಟೀಚರ್, ನೀವು ಬಂದು ಕೇಳ್ಬೇಕಾ? ನಮ್ಮ ಶಾಲೆ ಅಲ್ವಾ?" ಎಂದರು. ಆಕೆ ಆ ದಿನಗಳಲ್ಲಿ ಎಷ್ಟು ಹುರುಪಿನಲ್ಲಿದ್ದರೆಂದರೆ ಚಿಕ್ಕ ತರಗತಿಯ ಟೀಚರುಗಳನ್ನು ಬಯ್ಯುವುದನ್ನೂ ಮರೆತಿದ್ದರು.

ಫೆಬ್ರವರಿಯ ಒಂದು ಶುಕ್ರವಾರ ಸಂಜೆ ಪಾಲಕರ ಸಭೆ. ಅಧ್ಯಕ್ಷರು ಮೈಕು ಹಿಡಿದರು. ಅವರದೂ ಮಗಳು, ಅವಳೂ ಒಂಬತ್ತನೆಯವಳು. "ನನ್ನ ಮಗಳು ಇದೇ ಶಾಲೆಯಲ್ಲಿ ಹತ್ತನೇ ಓದ್ತಾಳೆ. ನಾನೇ ಬಿಟ್ರೆ ಉಳಿದವರಿಗೆ ಹೇಳ್ಲಿಕ್ಕೆ ನಂಗೆಂತ ಮುಖ ಉಂಟು?" ಎಂದರು. ಜೋರು ಚಪ್ಪಾಳೆ. ಟೀಚರ್ ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಚಪ್ಪಾಳೆ ನಿಲ್ಲುವ ಹೊತ್ತಿಗೆ ಲಾಂಡ್ರಿಯವನು ಒಳಗೆ ಬಂದ. ಅಂಗಡಿ ಬಿಟ್ಟು ಬರುವಾಗ ತಡವಾಗಿತ್ತು ಪಾಪ. ಕೈಯಲ್ಲಿ ಪಾಲಿಥಿನ್ ಹೊದಿಸಿದ ಹ್ಯಾಂಗರುಗಳು. ನೇರ ಟೀಚರ ಬಳಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ, ಒಳ್ಳೆ ಸುದ್ದಿ ತಂದವನಂತೆ ಹೇಳಿದ: "ಟೀಚರೇ, ಅಧ್ಯಕ್ಷರ ಮನೆದ್ದು. ಅಕ್ಕ ಇಸ್ತ್ರಿ ಮಾಡಿ ಶಾಲೆಗೇ ಮುಟ್ಟಿಸ್ಲಿಕ್ಕೆ ಹೇಳಿದ್ರು. ನಾನು ಹೇಗೂ ಬರ್ತೇನಲ್ಲ ಅಂತ ತಂದೆ."

ಹಸಿರು ಚೌಕುಳಿಯ ಪಿನಾಫೋರುಗಳು. ಅಧ್ಯಕ್ಷರ ಹೆಂಡತಿ ಒಳ್ಳೆಯ ಹೆಂಗಸು, ಪದ್ಧತಿ ಬಿಡುವವರಲ್ಲ. ಮಗಳಿಗೆ ಮಸ್ಕತ್ತಿನಲ್ಲಿ ಸೀಟಾಯಿತು, ಹೊಸ ಶಾಲೆಯ ಬಟ್ಟೆ ಮನೆಗೆ ಬಂತು, ಪರೀಕ್ಷೆಗೆ ಒಂದನ್ನಿಟ್ಟುಕೊಂಡು ಉಳಿದ ಹಳೆಯದನ್ನು ಒಗೆದು ಟೀಚರಿಗೆ ಮುಟ್ಟಿಸಬೇಕು ತಾನೇ? ಆ ವಿಷಯ ಸದ್ಯಕ್ಕೆ ಗುಟ್ಟು ಎಂದು ಗಂಡ ಆಕೆಗೆ ಹೇಳಿರಲಿಲ್ಲ.

ಟೀಚರ್ ಪಾಲಿಥಿನ್ ಸರಿಸಿ, ಪಿನಾಫೋರಿನ ಅಂಚನ್ನು ತಿರುಗಿಸಿ ನೋಡಿದರು. ಆ ಹೊಲಿಗೆ ಅವರದೇ.

"ಅದು... ಅವ್ಳಿಗೆ ಚಿಕ್ಕದಾಯ್ತು ಟೀಚರ್" ಎಂದು ಅಧ್ಯಕ್ಷರು ಮೈಕಿನಲ್ಲೇ ಹೇಳಿದರು.

"ಮಡಿಕೆ ಬಿಚ್ಚಿ ಉದ್ದ ಮಾಡಿ ಕೊಟ್ಟದ್ದು ನಾನು, ಕ್ರಿಸ್‌ಮಸ್ ರಜೆಯಲ್ಲಿ. ಅಷ್ಟರಲ್ಲಿ ಚಿಕ್ಕದಾಗ್ಲಿಕ್ಕೆ ನಿಮ್ಮ ಮಗಳೆಂತ ಪಪ್ಪಾಯಿ ಗಿಡವಾ?"

ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರ ಕಡೆ ಬಾಗಿ ತುಳುವಿನಲ್ಲಿ ಏನೋ ಕೇಳಿದರು. ನನಗೆ ಕೇಳಿಸಿತು. ನಿಮ್ಮದೂ ಆಯಿತಾ ಎಂದು ಕೇಳಿದ್ದು. ಪಕ್ಕದವರು ಹೌದೆಂದು ತಲೆಯಾಡಿಸಿದರು. ಅಲ್ಲಿಂದ ಅದು ಸಾಲಿನಿಂದ ಸಾಲಿಗೆ ಹೋಯಿತು. ಕಾರಿದ್ದ ಪ್ರತಿಯೊಬ್ಬನೂ ಮಸ್ಕತ್ತಿನಲ್ಲಿ ಸೀಟು ಹಿಡಿದಿಟ್ಟಿದ್ದ. ಪ್ರತಿಯೊಬ್ಬನೂ ನನ್ನದೊಂದು ಮಗು ಹೋದರೆ ಶಾಲೆ ಬೀಳುತ್ತದಾ, ಉಳಿದವರು ಇದ್ದಾರಲ್ಲ ಎಂದುಕೊಂಡಿದ್ದ. ಉಳಿದವರು ಇದ್ದಾರಲ್ಲ ಎಂಬ ಧೈರ್ಯದಲ್ಲೇ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಏನೂ ಅರ್ಥವಾಗದೆ ನಿಂತಿದ್ದವನು ಲಾಂಡ್ರಿಯವನು ಮಾತ್ರ. "ಎಂತ ಆಯ್ತು ಮಾಷ್ಟ್ರೇ? ಇಸ್ತ್ರಿ ಸರಿಯಾಗ್ಲಿಲ್ವಾ?" ಎಂದು ನನ್ನನ್ನು ಕೇಳಿದ.

ಮುಂದಿನ ವಾರವಿಡೀ ಯೂನಿಫಾರ್ಮುಗಳು ಬಂದವು. ಗುಟ್ಟು ರಟ್ಟಾದ ಮೇಲೆ ಮುಚ್ಚಿಡಲು ಏನಿದೆ? ಒಗೆದು, ಇಸ್ತ್ರಿ ಮಾಡಿ, ಮಡಚಿ, ಕೆಲವರು ಮೇಲೊಂದು ಚಾಕಲೇಟ್ ಡಬ್ಬ ಇಟ್ಟು ಕಳಿಸಿದರು. ಅಧ್ಯಕ್ಷರ ಹೆಂಡತಿ ಮಾತ್ರ ತಾವೇ ಬಂದು, ಗೇಟಿನಲ್ಲಿ ಟೀಚರ ಕೈ ಹಿಡಿದು ಅತ್ತರು. "ನಿನ್ನ ತಪ್ಪು ಎಂತ ಇಲ್ಲ ಮಗಾ. ನೀನು ಪದ್ಧತಿ ಪ್ರಕಾರ ಮಾಡಿದ್ದಿ" ಎಂದರು ಟೀಚರ್. ಒಂದೊಂದು ಅಂಗಿಗೆ ಪರದಾಡಿದ ಶಾಲೆಯಲ್ಲಿ ಕಪಾಟಿನ ಬಾಗಿಲು ಹಾಕಲಾರದಷ್ಟು ಬಟ್ಟೆ ತುಂಬಿತು.

ಹತ್ತನೇ ತರಗತಿ ಮುಚ್ಚಿತು. ಅದರೊಂದಿಗೆ ಎಂಟು, ಒಂಬತ್ತನೆಯವೂ ಹೋಗಿ, ಟೀಚರ ಹುದ್ದೆಯೂ ಹೋಯಿತು. ಹುದ್ದೆ ಹೋದರೆ ವೀಸಾ ರದ್ದು. ಕಮಿಟಿಯವರಿಗೆ ಆಗ ಆಕೆಯ ಮೇಲೆ ಬಂದ ಪ್ರೀತಿಯನ್ನು ನೋಡಬೇಕಿತ್ತು! ಮಸ್ಕತ್ತಿನಲ್ಲಿ ಹೋಟೆಲು ಹಿಡಿದು ಸನ್ಮಾನ ಇಟ್ಟರು. ಊರಿನಲ್ಲೇ ಮಾಡಿ ಎಂದು ನಾನಂದದ್ದಕ್ಕೆ, "ಎಸಿ ಹಾಲ್ ಬೇಕಲ್ಲ ಮಾಷ್ಟ್ರೇ, ದೊಡ್ಡವರೆಲ್ಲ ಬರ್ತಾರೆ" ಎಂದರು. ದೊಡ್ಡವರು ತಮ್ಮ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. ಶಾಲೆಯ ಉಳಿದ ಮಕ್ಕಳು ಬರಲಿಲ್ಲ, ಬಸ್ಸು ಯಾರೂ ಮಾಡಿರಲಿಲ್ಲ.

ಶಾಲು ಹೊದಿಸಿ, ಬುಟ್ಟಿ ಕೊಟ್ಟು, ಫೋಟೋ ತೆಗೆದ ಮೇಲೆ ಎರಡು ಮಾತಾಡಿ ಎಂದರು. ಟೀಚರ್ ಎದ್ದು ನಿಂತು, "ನಮ್ಮ ಮಕ್ಕಳಿಗೆ ಇಲ್ಲಿಗೆ ಬರ್ಲಿಕ್ಕೆ ಬಸ್ಸು ಇರ್ಲಿಲ್ಲ. ನಿಮ್ಮ ಮಕ್ಕಳನ್ನು ನೋಡಿ ಸಂತೋಷ ಆಯ್ತು" ಎಂದು ಹೇಳಿ ಕೂತರು. ಅದಕ್ಕೂ ಚಪ್ಪಾಳೆ ಬಿತ್ತು.

ಮಾರ್ಚಿನ ಕೊನೆಯ ದಿನ ಟೀಚರ್ ಮೇಜು ಖಾಲಿ ಮಾಡುತ್ತಿದ್ದಾಗ ನಾನು ಸಹಾಯಕ್ಕೆಂದು ಹೋಗಿದ್ದೆ. ಲಾಂಡ್ರಿಯವನ ಮಗಳನ್ನು ಕರೆಸಿದ್ದರು. ಕಪಾಟಿನಿಂದ ಒಂದೊಂದೇ ಪಿನಾಫೋರ್ ತೆಗೆದು ಅವಳ ಭುಜಕ್ಕೆ ಹಿಡಿದು ನೋಡುತ್ತಿದ್ದರು. ಗಿಡ್ಡ ಇದ್ದದ್ದನ್ನು ಬದಿಗೆ ಎಸೆದರು. ಕೊನೆಗೆ ಹೆಚ್ಚು ತೊಟ್ಟಿಲ್ಲದ ಒಂದು ಸಿಕ್ಕಿತು, ಉದ್ದದ್ದು.

"ಹಾಕ್ಕೊಂಡು ಬಾ."

ಹುಡುಗಿ ಪಕ್ಕದ ಕೋಣೆಗೆ ಹೋಗಿ ಹಾಕಿಕೊಂಡು ಬಂದಳು. ಎಲ್ಲೂ ತುಂಡಿಲ್ಲ, ಹಳೆ ಗೆರೆಯಿಲ್ಲ, ಅವಳಿಗೇ ಹೊಲಿಸಿದ ಹಾಗಿತ್ತು. ಸೊಂಟದ ಬಳಿ ಹಿಡಿಯಲು ಅವಳ ಕೈಯಲ್ಲಿ ಪುಸ್ತಕವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಟೀಚರ್ ಮಂಡಿಯೂರಿ ಕೂತು ಕೆಳಗಿನ ಅಂಚನ್ನು ಎಳೆದು ಸರಿಮಾಡಿದರು, ಕಾಲರ್ ಮಡಚಿದರು, ಹಿಂದೆ ಸರಿದು ನೋಡಿದರು.

"ಈಗ ಸರಿ ಆಯ್ತು."

"ಬಟ್ ಮ್ಯಾಮ್, ಟೆಂತ್ ಇಲ್ವಲ್ಲ?" ಎಂದಳು ಹುಡುಗಿ. "ಇದನ್ನು ಎಲ್ಲಿಗೆ ಹಾಕ್ಕೊಂಡು ಹೋಗುದು?"

ಟೀಚರ್ ಬಿಸ್ಕತ್ತಿನ ಡಬ್ಬವನ್ನು ಹುಡುಗಿಯ ಕೈಗಿಟ್ಟು, ನನ್ನ ಕಡೆ ಬೆನ್ನು ಮಾಡಿ, ಎಸೆದ ಪಿನಾಫೋರುಗಳನ್ನು ಮತ್ತೆ ಮಡಚಲು ಶುರುಮಾಡಿದರು. ಆಕೆ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ತಡೆಯಲಾಗಲಿಲ್ಲ.

ಹುಡುಗಿಯನ್ನು ಉಳ್ಳಾಲಕ್ಕೆ ಅಜ್ಜಿಯ ಮನೆಗೆ ಕಳಿಸಿದರು. ಅಲ್ಲಿ ಶಾಲೆಗೆ ಸೇರಿಸಿದರು ಕೂಡ. ಅಜ್ಜಿಗೆ ಹುಷಾರಿಲ್ಲದಾಯಿತು, ನೋಡಿಕೊಳ್ಳಲು ಜನ ಬೇಕಾಯಿತು, ಓದು ನಿಂತಿತು. ಮುಂದಿನ ವರ್ಷ ಮದುವೆ ಮಾಡಿದರು. ಗಣಿತದಲ್ಲಿ ನನ್ನ ಕೈಕೆಳಗೆ ಅಂಥ ಇನ್ನೊಬ್ಬಳು ಬರಲಿಲ್ಲ.

ಟೀಚರ ಸುದ್ದಿ ಬಂದ ಸಂಜೆ ನಾನು ಲಾಂಡ್ರಿಗೆ ಹೋದೆ. ಪಾಲಕರ ಗುಂಪಿನಲ್ಲಿ ಅವನ ನಂಬರಿಲ್ಲ, ಯಾರೂ ಸೇರಿಸಿರಲಿಲ್ಲ. ವಿಷಯ ಹೇಳಿದಾಗ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದ. ಆಮೇಲೆ ಮೇಲಿನ ಸರಳಿನಲ್ಲಿ ಸಾಲಾಗಿ ತೂಗುತ್ತಿದ್ದ ಬಿಳಿ ದಿಶ್‌ದಾಶಗಳನ್ನು ಸರಿಸಿ ಹಿಂದಿನಿಂದ ಒಂದು ಹ್ಯಾಂಗರು ತೆಗೆದ. ಪಾಲಿಥಿನ್ ಹೊದಿಸಿದ ಹಸಿರು ಚೌಕುಳಿ.

"ಮಗಳು ತಕೊಂಡು ಹೋಗ್ಲಿಲ್ಲ ಮಾಷ್ಟ್ರೇ. ಬಿಸಾಡ್ಲಿಕ್ಕೆ ನಂಗೆ ಮನಸ್ಸು ಬರುದಿಲ್ಲ. ಧೂಳು ಕೂತ್ರೆ ಒಗ್ದು ಇಸ್ತ್ರಿ ಹಾಕಿಡ್ತೇನೆ."

ಅವನ ಅಪ್ಪಣೆ ಕೇಳಿ ನಾನು ಅದರ ಫೋಟೋ ತೆಗೆದೆ. ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: 'ನೀವು ಕೇಳಿದ ಯೂನಿಫಾರ್ಮ್. ಲಾಂಡ್ರಿಯವರ ಮಗಳದ್ದು. ಹತ್ತನೇ ತರಗತಿಗೆ ಹೋಗಲಿಕ್ಕೆ ಟೀಚರ್ ಕೊಟ್ಟದ್ದು.'

ಮೊದಲು ಹೃದಯದ ಚಿಹ್ನೆ ಒತ್ತಿದವರು ಅಧ್ಯಕ್ಷರು. 'ವಾವ್, ಎಷ್ಟು ಚಂದ ಇಟ್ಟಿದ್ದಾರೆ' ಎಂದು ಬರೆದರು.